ಯಿನ್-ಯಾಂಗ್ ಜೀವಕೋಶದಲ್ಲಿ ಸಿಕ್ಕೀತೇ?

ಹರಿಹರದ ಹರಿಹರೇಶ್ವರನ ಗುಡಿಗೆ ಹೋದವರು ಗರ್ಭಗುಡಿಯ ಮೂರ್ತಿಯನ್ನು ಒಮ್ಮೆ ನಿಧಾನವಾಗಿ ನೋಡಬೇಕು. ಬಲ ಅರ್ಧ ಶಿವ, ಎಡ ಅರ್ಧ ವಿಷ್ಣು. ದೇಹ ಮಾತ್ರ ಒಂದೇ. ಹೊಯ್ಸಳರ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ದೇವಾಲಯವಿದು. ಗುಹಾಸುರನೆಂಬ ರಾಕ್ಷಸ ಹರಿಯೊಬ್ಬನಿಂದಾಗಲೀ ಹರನೊಬ್ಬನಿಂದಾಗಲೀ ತನಗೆ ಸಾವು ಬಾರದಂತೆ ವರ ಪಡೆದಿದ್ದನಂತೆ. ಆಗ ಇಬ್ಬರೂ ಒಂದೇ ದೇಹವಾಗಿ ಬಂದು ಅವನನ್ನು ಕೊಂದರೆಂಬುದು ತುಂಗಭದ್ರೆಯ ದಡದಲ್ಲಿ ಮಕ್ಕಳಿಗೂ ಗೊತ್ತಿರುವ ಕತೆ. ಈ ಕತೆಗೆ ಕಡೆಯಲ್ಲಿ ಮತ್ತೆ ಬರೋಣ.

ಆ ಗುಡಿಯ ಕಟ್ಟೆಯ ಮೇಲೆ ಕುಳಿತಿದ್ದಾಗಲೇ ಈ ಲೇಖನದ ಪ್ರಶ್ನೆ ಹುಟ್ಟಿತು. ನನ್ನ ಗೆಳೆಯರೊಬ್ಬರು ಹರಿಹರದ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು. ಅವರಿಗೆ ಮೊಣಕಾಲು ನೋವು, ಜೊತೆಗೆ ಸಕ್ಕರೆ ಕಾಯಿಲೆ. ಮೊಮ್ಮಗಳು ದಾವಣಗೆರೆಯಲ್ಲಿ ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಾಳೆ. ದಿನವೂ ಬಸ್ಸಿನ ಓಡಾಟ, ಮನಸ್ಸೆಲ್ಲ ನೀಟ್ ಪರೀಕ್ಷೆಯ ಮೇಲೆ. ಗೆಳೆಯರು ಕೆಲವು ವಾರಗಳಿಂದ ಚೀನಾದ ಸೂಜಿ ಚಿಕಿತ್ಸೆಗೆ, ಅಂದರೆ ಅಕ್ಯುಪಂಕ್ಚರ್‌ಗೆ, ಹೋಗುತ್ತಿದ್ದರು. ಅಲ್ಲಿ ಕೊಟ್ಟ ಕರಪತ್ರವೊಂದು ಅವರ ಜೇಬಿನಲ್ಲಿತ್ತು. ಅದರಲ್ಲಿ ಹೀಗೆ ಅಚ್ಚಾಗಿತ್ತು: ‘ಚಿ’ ಎಂದರೆ ಜೀವಕೋಶದ ಎಟಿಪಿ, ಯಿನ್-ಯಾಂಗ್ ಎಂದರೆ ಜೀವಕೋಶದ ಎರಡು ವಿರುದ್ಧ ರಾಸಾಯನಿಕಗಳು, ಪಂಚತತ್ವವೆಂದರೆ ಹಾರ್ಮೋನುಗಳ ಹತೋಟಿ. ಎರಡು ಸಾವಿರ ವರ್ಷಗಳ ಹಿಂದೆಯೇ ಋಷಿಗಳಂಥವರು ಕಂಡದ್ದನ್ನು ವಿಜ್ಞಾನ ಈಗ ಒಪ್ಪಿಕೊಂಡಿದೆ.

“ನೋವೇನೋ ಕಮ್ಮಿ ಆಗೈತೆ” ಎಂದರು ಗೆಳೆಯರು. “ಇನ್ನು ಸೂಜಿಯಿಂದಲೇ ಮೇದೋಜೀರಕದ ಕೋಶಗಳು ಎಚ್ಚರಾಗ್ತಾವಂತೆ. ಸಕ್ಕರೆ ಮಾತ್ರೆ ಬಿಡಬಹುದು ಅಂದಾರೆ.”

ಮೊಮ್ಮಗಳು ಕರಪತ್ರವನ್ನು ನನ್ನ ಕೈಗಿತ್ತಳು. “ಅಂಕಲ್, ಇದರಲ್ಲಿರೋದು ನಮ್ಮ ಬಯಾಲಜಿ ಪುಸ್ತಕದಲ್ಲಿ ಎಲ್ಲೂ ಇಲ್ಲ. ಆದರೆ ಓದಿದರೆ ಸರಿ ಅನ್ನಿಸುತ್ತೆ. ಅಜ್ಜ ಮಾತ್ರೆ ಬಿಡಬಹುದಾ?”

ಎಷ್ಟೋ ಮನೆಗಳಲ್ಲಿ ಇಂಥ ಪ್ರಶ್ನೆ ಏಳುತ್ತದೆ. ಮಕ್ಕಳ ಕೈಯಲ್ಲಿ ಜೀವಕೋಶದ ಪಾಠ, ಹಿರಿಯರ ಕೈಯಲ್ಲಿ ಹಳೆಯ ವೈದ್ಯ. ಎರಡಕ್ಕೂ ಸಂಬಂಧವಿದೆಯೇ? ಇದ್ದರೆ ಎಷ್ಟು?

ಬೆಟ್ಟದ ನೆರಳು, ಬೆಟ್ಟದ ಬಿಸಿಲು

ಮೊದಲು ಆ ವೈದ್ಯ ಏನು ಹೇಳುತ್ತದೆಂದು ನೋಡೋಣ. ಯಿನ್ ಎಂದರೆ ಮೂಲದಲ್ಲಿ ಬೆಟ್ಟದ ನೆರಳಿನ ಮಗ್ಗುಲು, ಯಾಂಗ್ ಎಂದರೆ ಬಿಸಿಲಿನ ಮಗ್ಗುಲು. ಬೆಳಿಗ್ಗೆ ನೆರಳಿದ್ದ ಕಡೆ ಸಂಜೆ ಬಿಸಿಲು ಬರುತ್ತದೆ. ಯಾವುದೂ ಶಾಶ್ವತವಲ್ಲ, ಒಂದಿಲ್ಲದೆ ಇನ್ನೊಂದಿಲ್ಲ. ತಂಪು, ವಿಶ್ರಾಂತಿ, ತೇವ ಯಿನ್ ಕಡೆಗೆ. ಬಿಸಿ, ಚಲನೆ, ಒಣಗು ಯಾಂಗ್ ಕಡೆಗೆ. ಎರಡರ ಹದ ತಪ್ಪಿದರೆ ರೋಗ.

‘ಚಿ’ ಎಂಬ ಮಾತನ್ನು ಬರೆಯುವ ಹಳೆಯ ಚೀನೀ ಅಕ್ಷರದಲ್ಲಿ ಹಬೆಯ ಗುರುತೂ ಅಕ್ಕಿಯ ಗುರುತೂ ಇವೆ. ಅನ್ನ ಬೇಯುವಾಗ ಏಳುವ ಹಬೆಯನ್ನು ನೆನೆಸಿಕೊಂಡರೆ ಸಾಕು. ನಮ್ಮ ‘ಪ್ರಾಣ’ದಂತೆ ಉಸಿರೂ ಹೌದು, ಕಸುವೂ ಹೌದು. ಅದು ದೇಹದಲ್ಲಿ ಕೆಲವು ನಿಶ್ಚಿತ ದಾರಿಗಳಲ್ಲಿ ಹರಿಯುತ್ತದೆ, ದಾರಿ ಕಟ್ಟಿದಲ್ಲಿ ನೋವು ಹುಟ್ಟುತ್ತದೆ, ಸೂಜಿ ಚುಚ್ಚಿದರೆ ದಾರಿ ತೆರೆಯುತ್ತದೆ ಎಂಬುದು ನಂಬಿಕೆ. ಇವುಗಳ ಜೊತೆಗೆ ಮರ, ಬೆಂಕಿ, ಮಣ್ಣು, ಲೋಹ, ನೀರು ಎಂಬ ಪಂಚತತ್ವ. ಮರ ಬೆಂಕಿಯನ್ನು ಹುಟ್ಟಿಸುತ್ತದೆ, ನೀರು ಬೆಂಕಿಯನ್ನು ಹತ್ತಿಕ್ಕುತ್ತದೆ. ಹೀಗೆ ಒಂದನ್ನೊಂದು ಪೋಷಿಸುತ್ತ, ತಡೆಯುತ್ತ ಅಂಗಾಂಗಗಳು ನಡೆಯುತ್ತವೆ.

ಕ್ರಿಸ್ತಪೂರ್ವ ಒಂದೆರಡು ಶತಮಾನಗಳ ಸುಮಾರಿಗೆ ರೂಪು ತಳೆದ ‘ಹುವಾಂಗ್ದಿ ನೇಜಿಂಗ್’ ಈ ಪದ್ಧತಿಯ ಮೂಲಗ್ರಂಥ. ಕೊರಿಯಾದ ವೈದ್ಯ ಹೋ ಜುನ್ 1613ರಲ್ಲಿ ಅಚ್ಚಾದ ‘ದೊಂಗುಯಿ ಬೋಗಮ್’ ಎಂಬ ದೊಡ್ಡ ಗ್ರಂಥವನ್ನು ಬರೆದ. ಜಪಾನಿನಲ್ಲಿ ಇದೇ ಪರಂಪರೆ ‘ಕಂಪೋ’ ಎಂಬ ಹೆಸರಿನಲ್ಲಿ ಬೆಳೆಯಿತು.

ಇವರಲ್ಲಿ ಯಾರೂ ಜೀವಕೋಶವನ್ನು ಕಂಡವರಲ್ಲ. ಕಾಣುವುದು ಸಾಧ್ಯವೂ ಇರಲಿಲ್ಲ. ಇಂಗ್ಲೆಂಡಿನ ರಾಬರ್ಟ್ ಹುಕ್ ಸೂಕ್ಷ್ಮದರ್ಶಕದಡಿ ಬೆಂಡಿನ ಚೂರನ್ನಿಟ್ಟು ಅದರ ಗೂಡುಗಳಿಗೆ ‘ಸೆಲ್’ ಎಂದು ಹೆಸರಿಟ್ಟದ್ದು 1665ರಲ್ಲಿ. ಗಿಡ, ಪ್ರಾಣಿಗಳೆಲ್ಲ ಕೋಶಗಳಿಂದಲೇ ಆದವು ಎಂದು ಶ್ಲೈಡನ್ ಮತ್ತು ಶ್ವಾನ್ ಸಾರಿದ್ದು 1838-39ರಲ್ಲಿ. ಹಳೆಯ ವೈದ್ಯರು ಕಂಡದ್ದು ನಾಡಿ, ನಾಲಿಗೆ, ಬೆವರು, ಮಲಮೂತ್ರ, ರೋಗಿಯ ನರಳಾಟ. ಕಂಡದ್ದನ್ನು ಜೋಡಿಸಿಡಲು ಅವರಿಗೆ ಒಂದು ಚೌಕಟ್ಟು ಬೇಕಿತ್ತು. ಯಿನ್-ಯಾಂಗ್ ಆ ಚೌಕಟ್ಟು. ನಮ್ಮ ವಾತ, ಪಿತ್ತ, ಕಫವೂ ಅಂಥದ್ದೇ.

ಕರಪತ್ರದ ಮೂರು ಸಮೀಕರಣಗಳು

ಈಗ ಕರಪತ್ರವನ್ನು ಒಂದೊಂದಾಗಿ ಒರೆಗೆ ಹಚ್ಚೋಣ.

‘ಚಿ’ ಎಂದರೆ ಎಟಿಪಿ ಎನ್ನುವುದು ಮೊದಲನೆಯದು. ಎಟಿಪಿ ಜೀವಕೋಶದ ಚಿಲ್ಲರೆ ಹಣವಿದ್ದಂತೆ. ಮಾಂಸಖಂಡ ಕುಗ್ಗಲಿ, ನರ ಮಿಡಿಯಲಿ, ಖರ್ಚಾಗುವುದು ಅದೇ. ಅದನ್ನು ಬಹುಪಾಲು ಟಂಕಿಸುವುದು ಮೈಟೊಕಾಂಡ್ರಿಯ. ಹೋಲಿಕೆ ಚೆನ್ನಾಗಿದೆ. ಆದರೆ ‘ಚಿ’ ದೇಹದುದ್ದಕ್ಕೂ ದಾರಿ ಹಿಡಿದು ಹರಿಯಬೇಕು. ಎಟಿಪಿ ಹಾಗೆ ಊರೂರು ಸುತ್ತುವ ವಸ್ತುವಲ್ಲ. ಪ್ರತಿಯೊಂದು ಕೋಶವೂ ತನಗೆ ಬೇಕಾದ ಎಟಿಪಿಯನ್ನು ತಾನೇ ತಯಾರಿಸಿಕೊಂಡು ತಾನೇ ಖರ್ಚು ಮಾಡುತ್ತದೆ. ರಕ್ತ ಸಾಗಿಸುವುದು ಗ್ಲೂಕೋಸ್ ಮತ್ತು ಆಮ್ಲಜನಕವನ್ನು, ಅಂದರೆ ಸೌದೆಯನ್ನು. ಬೆಂಕಿ ಹೊತ್ತುವುದು ಆಯಾ ಮನೆಯ ಒಲೆಯಲ್ಲಿ. ಹೀಗೆ ಹೋಲಿಕೆ ಮೊದಲ ಪ್ರಶ್ನೆಗೇ ಕುಂಟುತ್ತದೆ.

ಎರಡನೆಯದಕ್ಕೆ ನಿಜವಾದ ಇತಿಹಾಸವೇ ಇದೆ. ಹಾರ್ಮೋನು ಕೋಶದ ಬಾಗಿಲಿಗೆ ಬಂದಾಗ ಸುದ್ದಿಯನ್ನು ಒಳಗೆ ಮುಟ್ಟಿಸುವ ಸೈಕ್ಲಿಕ್ ಎಎಂಪಿ ಎಂಬ ವಸ್ತುವನ್ನು ಕಂಡುಹಿಡಿದ ಅರ್ಲ್ ಸದರ್‌ಲ್ಯಾಂಡ್‌ಗೆ 1971ರಲ್ಲಿ ನೊಬೆಲ್ ಬಂದಿತು. ಅದಕ್ಕೆ ಸೈಕ್ಲಿಕ್ ಜಿಎಂಪಿ ಎಂಬ ಸೋದರನೂ ಉಂಟು. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ನೆಲ್ಸನ್ ಗೋಲ್ಡ್‌ಬರ್ಗ್ 1970ರ ದಶಕದಲ್ಲಿ ಈ ಇಬ್ಬರೂ ಎದುರುಬದುರಾಗಿ ಕೆಲಸ ಮಾಡುತ್ತಾರೆ, ಒಬ್ಬ ಏರಿದರೆ ಇನ್ನೊಬ್ಬ ಇಳಿಯುತ್ತಾನೆ ಎಂದು ವಾದಿಸಿದ. ಆ ವಾದಕ್ಕೆ ಅವನೇ ಇಟ್ಟ ಹೆಸರು ‘ಯಿನ್-ಯಾಂಗ್ ಸಿದ್ಧಾಂತ’! ಚೀನಾದ ವೈದ್ಯರಿಗೆ ಇದು ಹಬ್ಬದೂಟ ಸಿಕ್ಕಂತಾಯಿತು. ರೋಗಿಗಳ ರಕ್ತದಲ್ಲಿ ಇವೆರಡನ್ನೂ ಅಳೆದು ಯಾರಿಗೆ ಯಿನ್ ಕೊರತೆ, ಯಾರಿಗೆ ಯಾಂಗ್ ಕೊರತೆ ಎಂದು ಹೇಳಲು ಹೊರಟರು.

ಮುಂದೇನಾಯಿತು? ಸಿದ್ಧಾಂತ ಪರೀಕ್ಷೆಗೆ ಒಳಗಾಯಿತು. ಅದರ ಉತ್ತರ ನಿಮ್ಮ ಮನೆಯ ಔಷಧದ ಡಬ್ಬಿಯಲ್ಲೇ ಇರಬಹುದು. ಉಬ್ಬಸದವರು ಎಳೆದುಕೊಳ್ಳುವ ಸಾಲ್ಬುಟಮಾಲ್ ಶ್ವಾಸನಾಳದ ಸ್ನಾಯುವಿನಲ್ಲಿ ಸೈಕ್ಲಿಕ್ ಎಎಂಪಿಯನ್ನು ಹೆಚ್ಚಿಸುತ್ತದೆ; ಸ್ನಾಯು ಸಡಿಲವಾಗುತ್ತದೆ. ಎದೆನೋವಿನವರು ನಾಲಿಗೆಯಡಿ ಇಟ್ಟುಕೊಳ್ಳುವ ಸಾರ್ಬಿಟ್ರೇಟ್ ರಕ್ತನಾಳದ ಸ್ನಾಯುವಿನಲ್ಲಿ ಸೈಕ್ಲಿಕ್ ಜಿಎಂಪಿಯನ್ನು ಹೆಚ್ಚಿಸುತ್ತದೆ. ಅಲ್ಲಿಯೂ ಸ್ನಾಯು ಸಡಿಲವೇ ಆಗುತ್ತದೆ! ಎದುರಾಳಿಗಳೆಂದುಕೊಂಡವರು ಇಲ್ಲಿ ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳು. ಕೆಲವು ಕೋಶಗಳಲ್ಲಿ ಇವು ಎದುರುಬದುರು ನಿಲ್ಲುವುದೂ ನಿಜ. ಆದರೆ ಎಲ್ಲೆಡೆಗೂ ಸಲ್ಲುವ ನಿಯಮವೆಂಬ ಗೋಲ್ಡ್‌ಬರ್ಗ್‌ನ ಮಾತು ನಿಲ್ಲಲಿಲ್ಲ. ಯಿನ್ ಕೊರತೆಯನ್ನು ಅಳೆಯುವ ರಕ್ತಪರೀಕ್ಷೆಯೂ ಬಳಕೆಗೆ ಬರಲಿಲ್ಲ.

ಹೆಸರು ಮಾತ್ರ ಉಳಿದುಕೊಂಡಿತು. 1991ರಲ್ಲಿ ವಿಜ್ಞಾನಿಗಳು ಒಂದು ಪ್ರೋಟೀನನ್ನು ವರ್ಣಿಸಿದರು. ಅದು ವಂಶವಾಹಿಯ ಮೇಲೆ ಕುಳಿತು ಒಮ್ಮೆ ಅದನ್ನು ಸುಮ್ಮನಾಗಿಸುತ್ತದೆ, ಸಂದರ್ಭ ಬದಲಾದರೆ ಅದೇ ವಂಶವಾಹಿಯನ್ನು ಎಚ್ಚರಿಸುತ್ತದೆ. ಅವರು ಅದಕ್ಕೆ ‘ಯಿನ್ ಯಾಂಗ್ 1’ ಎಂದು ನಾಮಕರಣ ಮಾಡಿದರು. ಇಂದಿಗೂ ಪಠ್ಯಗಳಲ್ಲಿ ‘ವೈವೈ1’ ಎಂಬ ಹೆಸರೇ ನಡೆಯುತ್ತಿದೆ. ಆದರೆ ಮಗುವಿಗೆ ಅಜ್ಜನ ಹೆಸರಿಟ್ಟ ಮಾತ್ರಕ್ಕೆ ಅಜ್ಜನೇ ಮರಳಿ ಬಂದಂತಲ್ಲ.

ಮೂರನೆಯದು ಪಂಚತತ್ವ. ದೇಹದಲ್ಲಿ ಒಂದನ್ನೊಂದು ಪ್ರಚೋದಿಸುವ, ತಡೆಯುವ ಏರ್ಪಾಡುಗಳು ಬೇಕಾದಷ್ಟಿವೆ. ಪಿಟ್ಯುಟರಿಯ ಹಾರ್ಮೋನು ಥೈರಾಯಿಡನ್ನು ಕೆಲಸಕ್ಕೆ ಹಚ್ಚುತ್ತದೆ. ಥೈರಾಯಿಡಿನ ಹಾರ್ಮೋನು ಹೆಚ್ಚಾದರೆ ಪಿಟ್ಯುಟರಿ ಕೈ ಬಿಗಿಹಿಡಿಯುತ್ತದೆ. ಇದನ್ನು ನೀರು-ಬೆಂಕಿ ಎಂದು ಕರೆಯಬಹುದು. ಅಡ್ಡಿಯಿಲ್ಲ. ಆದರೆ ಮರ-ಬೆಂಕಿ ಎಂದರೂ, ಲೋಹ-ಮರ ಎಂದರೂ ಅಷ್ಟೇ ಚೆನ್ನಾಗಿ ಹೊಂದುತ್ತದಲ್ಲ? ಯಾವ ಬೀಗಕ್ಕಾದರೂ ಹೊಂದುವ ಕೀಲಿ ಯಾವ ಬೀಗದ ಗುಟ್ಟನ್ನೂ ತಿಳಿಸುವುದಿಲ್ಲ. ಒಂದು ಮಾತು ತಪ್ಪೆಂದು ತೋರಿಸಲು ದಾರಿಯೇ ಇಲ್ಲದಿದ್ದರೆ ಅದು ಸರಿಯೆಂದು ತೋರಿಸಲೂ ದಾರಿಯಿರುವುದಿಲ್ಲ. ಗೋಲ್ಡ್‌ಬರ್ಗ್ ಸೋತರೂ ಅವನ ಮಾತು ಈ ಕಾರಣಕ್ಕೇ ವಿಜ್ಞಾನ. ಅದನ್ನು ಸೋಲಿಸುವುದು ಸಾಧ್ಯವಿತ್ತು.

ಹಾಗಾದರೆ ಹಳೆಯ ವೈದ್ಯದಲ್ಲಿ ಏನೂ ಇಲ್ಲವೇ? ಇದೆ. ಅದನ್ನು ಹುಡುಕಿದ ರೀತಿ ಮಾತ್ರ ಬೇರೆ.

ದವನದ ಅಕ್ಕನ ಕತೆ

ಹೂವಿನ ಮಾಲೆಯಲ್ಲಿ ಪರಿಮಳಿಸುವ ದವನ ಎಲ್ಲರಿಗೂ ಗೊತ್ತು. ಅದೇ ಆರ್ಟಿಮಿಸಿಯಾ ಕುಲಕ್ಕೆ ಸೇರಿದ ಚೀನಾದ ಗಿಡ ‘ಚಿಂಗ್‌ಹಾವ್’. ಚಳಿಜ್ವರಕ್ಕೆ ಇದನ್ನು ಬಳಸಬೇಕೆಂದು ನಾಲ್ಕನೆಯ ಶತಮಾನದ ಗೇ ಹಾಂಗ್ ತನ್ನ ತುರ್ತು ಮದ್ದುಗಳ ಕೈಪಿಡಿಯಲ್ಲಿ ಬರೆದಿಟ್ಟಿದ್ದ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಮಲೇರಿಯಾ ರೋಗಾಣು ಹಳೆಯ ಔಷಧಗಳಿಗೆ ಬಗ್ಗದಾದಾಗ, 1967ರ ಮೇ 23ರಂದು ಚೀನಾ ಸರ್ಕಾರ ಗುಟ್ಟಿನ ಸಂಶೋಧನೆಯೊಂದನ್ನು ಆರಂಭಿಸಿತು. 1969ರಲ್ಲಿ ಅದಕ್ಕೆ ಸೇರಿದ ತೂ ಯೂಯೂ ಎಂಬ ಮಹಿಳೆ ಹಳೆಯ ಗ್ರಂಥಗಳನ್ನು ಜಾಲಾಡಿದರು. ಚಿಂಗ್‌ಹಾವ್ ಕೆಲವೊಮ್ಮೆ ಕೆಲಸ ಮಾಡುತ್ತಿತ್ತು, ಕೆಲವೊಮ್ಮೆ ಇಲ್ಲ. ಗೇ ಹಾಂಗನ ಪುಸ್ತಕವನ್ನು ಮತ್ತೆ ಓದಿದಾಗ ಅವರಿಗೆ ಒಂದು ವಿವರ ಹೊಳೆಯಿತು. ಅಲ್ಲಿ ಗಿಡವನ್ನು ಕುದಿಸಿ ಕಷಾಯ ಮಾಡಲು ಹೇಳಿಲ್ಲ. ನೀರಿನಲ್ಲಿ ನೆನೆಸಿ ಹಿಂಡಿ ರಸ ತೆಗೆಯಲು ಹೇಳಿದೆ. ಹಾಗಾದರೆ ಕಾವಿಗೆ ಮದ್ದು ಕೆಡುತ್ತಿದೆಯೇ?

ಅವರು ಬಹಳ ಕಡಿಮೆ ಉಷ್ಣತೆಯಲ್ಲೇ ಕುದಿಯುವ ಈಥರ್ ಬಳಸಿ ಸಾರ ತೆಗೆದರು. 1971ರ ಅಕ್ಟೋಬರಿನಲ್ಲಿ 191ನೆಯ ಮಾದರಿ ಇಲಿಗಳಲ್ಲಿ ಮಲೇರಿಯಾ ರೋಗಾಣುವನ್ನು ಪೂರ್ತಿ ಅಳಿಸಿಹಾಕಿತು. ರೋಗಿಗಳಿಗೆ ಕೊಡುವ ಮೊದಲು ಅವರೂ ಸಹೋದ್ಯೋಗಿಗಳೂ ತಾವೇ ಅದನ್ನು ಕುಡಿದು ನೋಡಿದರು. ಆರ್ಟಿಮಿಸಿನಿನ್ ಹುಟ್ಟಿದ್ದು ಹೀಗೆ. 2015ರಲ್ಲಿ ತೂ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು.

ಜೀವಕೋಶದ ಪಾಠ ಇಲ್ಲಿಂದ ಶುರು. ಮಲೇರಿಯಾ ರೋಗಾಣು ನಮ್ಮ ಕೆಂಪು ರಕ್ತಕಣದೊಳಗೆ ಕುಳಿತು ಹಿಮೋಗ್ಲೋಬಿನ್ ತಿನ್ನುತ್ತದೆ. ತಿಂದ ಮೇಲೆ ಕಬ್ಬಿಣವಿರುವ ‘ಹೀಮ್’ ಉಳಿಯುತ್ತದೆ. ಆರ್ಟಿಮಿಸಿನಿನ್ ಅಣುವಿನಲ್ಲಿ ಎರಡು ಆಮ್ಲಜನಕದ ಪರಮಾಣುಗಳು ಸೇರಿದ ಒಂದು ಸೇತುವೆಯಿದೆ. ಕಬ್ಬಿಣ ತಗುಲಿದೊಡನೆ ಸೇತುವೆ ಮುರಿದು, ಹುಟ್ಟಿದ ಚೂರುಗಳು ರೋಗಾಣುವಿನ ಪ್ರೋಟೀನುಗಳನ್ನು ಕೆಡಿಸುತ್ತವೆ. ತಿಂದ ಅನ್ನವೇ ಅದಕ್ಕೆ ಮೃತ್ಯುವಾಗುತ್ತದೆ.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ತೂ ಯೂಯೂ ಪುಸ್ತಕದಿಂದ ಎತ್ತಿಕೊಂಡದ್ದು ಒಂದು ಗಿಡ, ಒಂದು ರೋಗ, ಒಂದು ಕೈಕೆಲಸದ ವಿವರ. ಯಿನ್-ಯಾಂಗ್ ಲೆಕ್ಕಾಚಾರ ಅವರ ಇಲಿಗಳ ಪಂಜರಕ್ಕೆ ಬರಲೇ ಇಲ್ಲ. ಹಾಗೆಯೇ, ಒಂದೇ ಕುಲದ್ದೆಂದು ನಮ್ಮ ದವನವನ್ನು ಅರೆದು ಕುಡಿದರೆ ಮಲೇರಿಯಾ ವಾಸಿಯಾದೀತೆಂದು ಯಾರೂ ತಿಳಿಯಬಾರದು. ಹೋಲಿಕೆ ಇಲ್ಲಿಯೂ ಮೋಸ ಮಾಡುತ್ತದೆ.

ಪಾಷಾಣವೇ ಮದ್ದಾದಾಗ

ಎರಡನೆಯ ಕತೆ ಇದಕ್ಕಿಂತ ವಿಚಿತ್ರ. ಪಾಷಾಣ, ಹರಿತಾಳ, ಮಣಿಶಿಲೆಗಳ ಹೆಸರು ನಮ್ಮ ಹಳೆಯ ವೈದ್ಯದಲ್ಲೂ ಬರುತ್ತದೆ. ಎಲ್ಲವೂ ಆರ್ಸೆನಿಕ್. ವಿಷದಿಂದ ವಿಷವನ್ನು ಹೊಡೆಯಬೇಕೆಂಬ ಮಾತು ಚೀನೀ ವೈದ್ಯದಲ್ಲಿ ಬಹಳ ಹಳೆಯದು. 1970ರ ದಶಕದಲ್ಲಿ ಈಶಾನ್ಯ ಚೀನಾದ ಹಾರ್ಬಿನ್ ನಗರದ ಆಸ್ಪತ್ರೆಗೆ ನಾಟಿ ಮದ್ದೊಂದರ ಸುದ್ದಿ ಬಂದಿತು. ಅದರಲ್ಲಿ ಪಾಷಾಣ, ಪಾದರಸದ ಲವಣ, ಕಪ್ಪೆಯ ವಿಷ ಮೂರೂ ಇದ್ದವು. ಜಾಂಗ್ ಟಿಂಗ್‌ಡಾಂಗ್ ಮತ್ತು ಸಹೋದ್ಯೋಗಿಗಳು ಒಂದೊಂದನ್ನೇ ಬಿಡಿಸಿ ನೋಡಿದರು. ಕೆಲಸ ಮಾಡುತ್ತಿದ್ದುದು ಪಾಷಾಣವೊಂದೇ. ಅದೂ ಎಲ್ಲ ಕ್ಯಾನ್ಸರಿನ ಮೇಲಲ್ಲ, ರಕ್ತ ಕ್ಯಾನ್ಸರಿನ ಒಂದು ಬಗೆಯ ಮೇಲೆ ಮಾತ್ರ ಚೆನ್ನಾಗಿ.

ಆ ಬಗೆಯ ಹೆಸರು ಪ್ರೊಮೈಲೊಸೈಟಿಕ್ ಲ್ಯುಕೀಮಿಯಾ. ಇದರಲ್ಲಿ ಅಸ್ಥಿಮಜ್ಜೆಯ ಎಳೆಯ ಬಿಳಿ ಕೋಶಗಳು ಬಲಿಯದೆ ಎಳೆಯವಾಗಿಯೇ ಉಳಿದು ಹೆಚ್ಚುತ್ತ ಹೋಗುತ್ತವೆ. ರಕ್ತಸ್ರಾವದಿಂದ ರೋಗಿ ಬೇಗನೆ ಸಾಯುವ ಅಪಾಯವಿರುತ್ತದೆ. ಶಾಂಘೈನ ವೈದ್ಯ ವಾಂಗ್ ಝೆನ್‌ಯೀ 1980ರ ದಶಕದ ನಡುವೆ ಐದು ವರ್ಷದ ಹುಡುಗಿಯೊಬ್ಬಳಿಗೆ ಎ ಜೀವಸತ್ವದ ನಂಟಿನ ರೆಟಿನೊಯಿಕ್ ಆಮ್ಲವನ್ನು ಕೊಟ್ಟರು. ಕ್ಯಾನ್ಸರ್ ಕೋಶಗಳು ಸಾಯುವ ಬದಲು ಬಲಿತು ಸಾಧಾರಣ ಕೋಶಗಳಾದವು. ಕಳ್ಳನನ್ನು ಕೊಲ್ಲದೆ ತಿದ್ದಿ ಮನುಷ್ಯನನ್ನಾಗಿ ಮಾಡಿದ ಹಾಗೆ!

ಕಾರಣ ಆಮೇಲೆ ತಿಳಿಯಿತು. ಈ ರೋಗದಲ್ಲಿ 15 ಮತ್ತು 17ನೆಯ ವರ್ಣತಂತುಗಳು ತುಂಡಾಗಿ ಅದಲುಬದಲಾಗಿ ಅಂಟಿಕೊಳ್ಳುತ್ತವೆ. ಎರಡು ಬೇರೆ ಬೇರೆ ಪ್ರೋಟೀನುಗಳು, ಪಿಎಂಎಲ್ ಮತ್ತು ಆರ್‌ಎಆರ್‌ಎ, ಬೆಸೆದು ಒಂದೇ ದೇಹವಾಗುತ್ತವೆ. ಈ ಬೆಸುಗೆಯ ಪ್ರೋಟೀನು ಕೋಶ ಬಲಿಯದಂತೆ ತಡೆಯುತ್ತದೆ. ರೆಟಿನೊಯಿಕ್ ಆಮ್ಲ ಹೋಗಿ ಹಿಡಿಯುವುದು ಆರ್‌ಎಆರ್‌ಎ ಅರ್ಧವನ್ನು. ಆರ್ಸೆನಿಕ್ ಹೋಗಿ ಹಿಡಿಯುವುದು ಪಿಎಂಎಲ್ ಅರ್ಧವನ್ನು. ಎರಡೂ ಕಡೆಯಿಂದ ಪೆಟ್ಟು ಬಿದ್ದ ಪ್ರೋಟೀನನ್ನು ಕೋಶವೇ ಕತ್ತರಿಸಿ ಹಾಕುತ್ತದೆ. 2013ರಲ್ಲಿ ಪ್ರಕಟವಾದ ಯುರೋಪಿನ ಪರೀಕ್ಷೆಯಲ್ಲಿ, ಅಪಾಯ ತೀರ ಹೆಚ್ಚಿಲ್ಲದ ರೋಗಿಗಳ ಪೈಕಿ ಈ ಎರಡನ್ನೂ ಪಡೆದವರಲ್ಲಿ ನೂರಕ್ಕೆ 97 ಮಂದಿ ಎರಡು ವರ್ಷಗಳ ಕೊನೆಗೆ ರೋಗ ಮರುಕಳಿಸದೆ ಬದುಕಿದ್ದರು; ರೆಟಿನೊಯಿಕ್ ಆಮ್ಲದ ಜೊತೆ ಮಾಮೂಲಿ ಕೀಮೋಥೆರಪಿ ಪಡೆದವರಲ್ಲಿ 86 ಮಂದಿ.

ಹರಿಹರದ ಓದುಗರಿಗೆ ಈಗಾಗಲೇ ಹೊಳೆದಿರಬೇಕು. ಎರಡು ಅರ್ಧ ಸೇರಿದ ಒಂದು ದೇಹ, ಒಬ್ಬರಿಂದ ಸಾಯದೆ ಇಬ್ಬರು ಕೂಡಿದಾಗ ಸಾಯುವ ಅಸುರ. ಇದು ಹರಿಹರೇಶ್ವರನ ಕತೆಯೇ ಅಲ್ಲವೇ? ನನಗೂ ಮೊದಲು ಹಾಗೆಯೇ ಅನ್ನಿಸಿತು. ಮೊಮ್ಮಗಳಿಗೆ ಹಾಗೆಂದೇ ಹೇಳಿದೆ. ಅವಳು ವರ್ಣತಂತುಗಳ ಸಂಖ್ಯೆಯನ್ನು ತಟ್ಟನೆ ನೆನಪಿಟ್ಟುಕೊಂಡಳು. ಆಮೇಲೆ ಒಂದು ಪ್ರಶ್ನೆ ಕೇಳಿದಳು: “ಹಾಗಾದರೆ ಪೋಲಾಳ್ವನಿಗೆ ಲ್ಯುಕೀಮಿಯಾ ಗೊತ್ತಿತ್ತು ಅಂತ ಹೇಳಬಹುದಾ ಅಂಕಲ್?”

ಮೂವರೂ ನಕ್ಕೆವು. ಕರಪತ್ರಕ್ಕೆ ಅದಕ್ಕಿಂತ ಒಳ್ಳೆಯ ಉತ್ತರ ಬೇಕಿರಲಿಲ್ಲ. ಹೋಲಿಕೆ ನೆನಪಿಗೆ ಊರುಗೋಲು, ಪುರಾವೆಯಲ್ಲ. ಹಾರ್ಬಿನ್‌ನಲ್ಲಿ ಮೂರು ವಿಷಗಳನ್ನು ಬಿಡಿಸಿ ನೋಡದಿದ್ದರೆ, ಯಾವ ಕೋಶದ ಯಾವ ಪ್ರೋಟೀನೆಂದು ಹುಡುಕದಿದ್ದರೆ, ವಿಷಕ್ಕೆ ವಿಷ ಎಂಬುದು ಬರಿಯ ಗಾದೆಯಾಗಿ ಉಳಿಯುತ್ತಿತ್ತು. ಆ ಗಾದೆಯನ್ನು ನಂಬಿ ಪಾಷಾಣ ತಿಂದು ಸತ್ತವರ ಲೆಕ್ಕ ಯಾರೂ ಇಟ್ಟಿಲ್ಲ.

ಸೂಜಿಯ ವಿಚಾರ

ಇನ್ನು ಗೆಳೆಯರ ಮೊಣಕಾಲಿಗೆ ಬರೋಣ. ಅಕ್ಯುಪಂಕ್ಚರ್ ನಮ್ಮ ದೇಶಕ್ಕೆ ಬಂದ ದಾರಿಯಲ್ಲಿ ನಮ್ಮ ನೆರೆಯವರೊಬ್ಬರ ನೆನಪಿದೆ. ಕನ್ನಡ ಮಾತು ಇಂದಿಗೂ ಕೇಳಿಬರುವ ಗಡಿಯ ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನೀಸ್ 1938ರಲ್ಲಿ ಯುದ್ಧಪೀಡಿತ ಚೀನಾಕ್ಕೆ ಹೋದ ಐವರು ಭಾರತೀಯ ವೈದ್ಯರಲ್ಲೊಬ್ಬರು. 1942ರಲ್ಲಿ ಅಲ್ಲಿಯೇ ತೀರಿಕೊಂಡರು. ಅದೇ ತಂಡದಲ್ಲಿದ್ದ ಕಲ್ಕತ್ತೆಯ ಡಾ. ಬಿ.ಕೆ. ಬಸು 1950ರ ದಶಕದ ಕೊನೆಯಲ್ಲಿ ಮತ್ತೆ ಚೀನಾಕ್ಕೆ ಹೋಗಿ ಸೂಜಿ ಚಿಕಿತ್ಸೆ ಕಲಿತು ಬಂದು ಇಲ್ಲಿ ಹರಡಿದರು.

ಸೂಜಿ ಚುಚ್ಚಿದಾಗ ಕೋಶಗಳ ಮಟ್ಟದಲ್ಲಿ ಏನಾದರೂ ನಡೆಯುತ್ತದೆಯೇ? ನಡೆಯುತ್ತದೆ. 2010ರಲ್ಲಿ ಅಮೆರಿಕದ ರೋಚೆಸ್ಟರ್‌ನ ಸಂಶೋಧಕರು ಇಲಿಯ ಮೊಣಕಾಲಿನ ಬಳಿ ಸೂಜಿ ಚುಚ್ಚಿ ತಿರುಗಿಸಿದರು. ಗಾಯಗೊಂಡ ಕೋಶಗಳಿಂದ ಎಟಿಪಿ ಹೊರಚೆಲ್ಲಿ, ಒಡೆದು ಅಡೆನೊಸಿನ್ ಆಯಿತು. ಸುತ್ತಲಿನ ಅಡೆನೊಸಿನ್ ಪ್ರಮಾಣ ಸುಮಾರು 24 ಪಟ್ಟು ಏರಿತು. ಅಡೆನೊಸಿನ್ ನೋವಿನ ನರವನ್ನು ಸುಮ್ಮನಾಗಿಸುತ್ತದೆ. ಅಡೆನೊಸಿನನ್ನು ಗುರುತಿಸುವ ಗ್ರಾಹಕವೇ ಇಲ್ಲದ ಇಲಿಗಳಲ್ಲಿ ಸೂಜಿಯಿಂದ ನೋವು ತಗ್ಗಲಿಲ್ಲ. ನೋಡಿ, ಎಟಿಪಿ ಇಲ್ಲಿ ಬಂದೇ ಬಂದಿತು! ಆದರೆ ಹರಿಯುವ ಕಸುವಾಗಿ ಅಲ್ಲ, ಒಡೆದ ಮಡಕೆಯಿಂದ ಚೆಲ್ಲಿದ ನೀರಾಗಿ.

2021ರಲ್ಲಿ ಚೀಯೂಫೂ ಮಾ ಅವರ ತಂಡ ಇನ್ನೂ ಸೂಕ್ಷ್ಮವಾದದ್ದನ್ನು ತೋರಿಸಿತು. ಇಲಿಯ ಹಿಂಗಾಲಿನ ಒಂದು ಜಾಗದಲ್ಲಿ ಸೂಜಿಯ ಮೂಲಕ ಸಣ್ಣಗೆ ವಿದ್ಯುತ್ ಹಾಯಿಸಿದರೆ ಒಂದು ವಿಶಿಷ್ಟ ಜಾತಿಯ ನರಕೋಶಗಳು ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಮಿದುಳು ಅಡ್ರಿನಲ್ ಗ್ರಂಥಿಗೆ ಹೇಳಿ ಉರಿಯೂತವನ್ನು ತಗ್ಗಿಸುತ್ತದೆ. ಹೊಟ್ಟೆಯ ಮೇಲೆ ಹಾಗೆಯೇ ಮಾಡಿದರೆ ಆಗುವುದಿಲ್ಲ, ಏಕೆಂದರೆ ಆ ನರಕೋಶಗಳು ಅಲ್ಲಿಲ್ಲ. ಚುಚ್ಚುವ ಜಾಗಕ್ಕೆ ಅರ್ಥವಿದೆ, ಆದರೆ ಅರ್ಥ ಕೊಡುವುದು ನರ.

ಇದು ಇಲಿಯ ಮಾತಾಯಿತು. ಮನುಷ್ಯರಲ್ಲಿ? ಜರ್ಮನಿಯಲ್ಲಿ ಬೆನ್ನುನೋವಿನ 1,162 ರೋಗಿಗಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಶಾಸ್ತ್ರ ಹೇಳಿದ ಜಾಗದಲ್ಲಿ ಸೂಜಿ. ಇನ್ನೊಂದಕ್ಕೆ ಬೇಕೆಂದೇ ತಪ್ಪು ಜಾಗದಲ್ಲಿ ಮೇಲುಮೇಲೆ ಸೂಜಿ. ಮೂರನೆಯದಕ್ಕೆ ಔಷಧ, ವ್ಯಾಯಾಮದ ಮಾಮೂಲಿ ಚಿಕಿತ್ಸೆ. 2007ರಲ್ಲಿ ಬಂದ ಫಲಿತಾಂಶ: ಆರು ತಿಂಗಳ ಬಳಿಕ ಸುಧಾರಿಸಿದವರು ಅನುಕ್ರಮವಾಗಿ ನೂರಕ್ಕೆ 47.6, 44.2 ಮತ್ತು 27.4. ಸೂಜಿಯಿಂದ ಉಪಕಾರವಾಯಿತು, ಆದರೆ ಸರಿ ಜಾಗಕ್ಕೂ ತಪ್ಪು ಜಾಗಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ನೋವಿನಂಥ ವಿಷಯದಲ್ಲಿ ನಂಬಿಕೆ, ಆರೈಕೆ, ಯಾರೋ ಅರ್ಧ ಗಂಟೆ ಕುಳಿತು ನೋಡಿಕೊಂಡರೆಂಬ ಸಮಾಧಾನ ಎಲ್ಲವೂ ಮದ್ದೇ.

ಆದ್ದರಿಂದ ಗೆಳೆಯರ ನೋವು ಕಡಿಮೆಯಾದದ್ದು ಸುಳ್ಳಲ್ಲ. ಆದರೆ ನೋವಿನ ನರ ಸುಮ್ಮನಾದದ್ದಕ್ಕೂ ಮೇದೋಜೀರಕದ ಇನ್ಸುಲಿನ್ ಕೋಶಗಳಿಗೂ ನಡುವೆ ದೊಡ್ಡ ಹಳ್ಳವಿದೆ. ಕರಪತ್ರ ಆ ಹಳ್ಳವನ್ನು ಒಂದು ‘ಆದ್ದರಿಂದ’ ಹಾಕಿ ದಾಟಿಬಿಟ್ಟಿತ್ತು. ಅಲ್ಲಿ ಸೇತುವೆಯಿಲ್ಲ. ಸಕ್ಕರೆ ಏರಿದ್ದು ಬಹುಕಾಲ ಹೊರಗೆ ಕಾಣುವುದಿಲ್ಲ; ಕಾಣುವ ಹೊತ್ತಿಗೆ ಕಣ್ಣು, ಮೂತ್ರಪಿಂಡ, ಕಾಲಿನ ನರಗಳಿಗೆ ಪೆಟ್ಟು ಬಿದ್ದಿರುತ್ತದೆ.

ಈಶ್ವರಿ ಬಳ್ಳಿ, ಅಡಿಕೆ ಹೋಳು

ಸೂಜಿ ಬೇಡ, ಗಿಡಮೂಲಿಕೆಯಾದರೂ ನಿರಪಾಯವಲ್ಲವೇ ಎಂದು ತಾಯಂದಿರು ಕೇಳುವುದುಂಟು. 1990ರ ದಶಕದ ಆರಂಭದಲ್ಲಿ ಬೆಲ್ಜಿಯಮ್ಮಿನಲ್ಲಿ ಮೈ ಇಳಿಸಲು ಚೀನೀ ಮೂಲಿಕೆ ಸೇರಿದ ಔಷಧ ತೆಗೆದುಕೊಂಡ ಹಲವು ಹೆಂಗಸರ ಮೂತ್ರಪಿಂಡಗಳು ಕೆಟ್ಟವು. ‘ಫಾಂಗ್‌ಜಿ’ ಎಂಬ ಒಂದೇ ಹೆಸರು ಎರಡು ಗಿಡಗಳಿಗಿತ್ತು. ಒಂದರ ಬದಲು ಇನ್ನೊಂದು ಸೇರಿಹೋಗಿತ್ತು. ಸೇರಿದ್ದು ಆರಿಸ್ಟೊಲೋಕಿಯ ಜಾತಿಯ ಗಿಡ. ಅದರ ಆಮ್ಲ ಮೂತ್ರಪಿಂಡದ ನಾಳಕೋಶಗಳ ಡಿಎನ್‌ಎಗೆ ಅಂಟಿಕೊಂಡು ಅಕ್ಷರಗಳನ್ನೇ ತಿದ್ದುತ್ತದೆ, ಕ್ಯಾನ್ಸರನ್ನೂ ತರುತ್ತದೆ. ನಮ್ಮಲ್ಲಿ ಹಾವಿನ ವಿಷಕ್ಕೆಂದು ಹೆಸರಾದ ಈಶ್ವರಿ ಬಳ್ಳಿ ಇದೇ ಕುಲದ್ದು, ಅದರಲ್ಲೂ ಈ ಆಮ್ಲವಿದೆ.

ಅಡಿಕೆಯನ್ನೇ ತೆಗೆದುಕೊಳ್ಳಿ. ದಾವಣಗೆರೆ ಜಿಲ್ಲೆಯ ಚನ್ನಗಿರಿಯ ತೋಟಗಳ ಬದುಕು ನಿಂತಿರುವುದು ಅದರ ಮೇಲೆ. ಚೀನೀ ವೈದ್ಯದಲ್ಲಿ ‘ಬಿಂಗ್‌ಲಾಂಗ್’ ಎಂಬ ಹೆಸರಿನಲ್ಲಿ ಅದು ಹೊಟ್ಟೆಯ ಹುಳಕ್ಕೆ ಮದ್ದು. ಅಂಥ ಬೆಳೆಯನ್ನೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲಿ ಮನುಷ್ಯರಿಗೆ ಕ್ಯಾನ್ಸರ್‌ಕಾರಕವೆಂದು ಹೇಳಿತು. ಹೊಗೆಸೊಪ್ಪು ಇಲ್ಲದೆ ಅಗಿದರೂ ಬಾಯಿಯ ಒಳಪದರದ ಕೋಶಗಳು ನಾರನ್ನು ಅತಿಯಾಗಿ ನೇಯತೊಡಗುತ್ತವೆ, ಕೆನ್ನೆ ಬಿಗಿಯುತ್ತದೆ, ಬಾಯಿ ತೆರೆಯಲಾಗುವುದಿಲ್ಲ. ಹುಳಕ್ಕೆ ಮದ್ದೆಂಬುದೂ, ಬಾಯಿಗೆ ಕೇಡೆಂಬುದೂ ಒಂದೇ ಹೋಳಿನ ಮಾತು. ಹಳೆಯದು ಎಂಬ ಕಾರಣಕ್ಕೆ ಒಪ್ಪುವುದೂ ಹಳೆಯದು ಎಂಬ ಕಾರಣಕ್ಕೆ ಬಿಡುವುದೂ ಎರಡೂ ಸೋಮಾರಿತನವೇ.

ಕೇಳಬೇಕಾದ ನಾಲ್ಕು ಪ್ರಶ್ನೆಗಳು

ವಿದ್ಯಾರ್ಥಿಗಳು ಇಂಥ ಕರಪತ್ರ ಕೈಗೆ ಬಂದಾಗ ಅದನ್ನು ಹರಿದೆಸೆಯಬೇಕಿಲ್ಲ. ನಾಲ್ಕು ಪ್ರಶ್ನೆ ಕೇಳಿದರೆ ಸಾಕು. ಇಲ್ಲಿ ಹೇಳಿರುವುದು ಹೋಲಿಕೆಯೋ, ಕಾರಣವೋ? ಇದು ತಪ್ಪಾಗಿದ್ದರೆ ತಪ್ಪೆಂದು ಹೇಗೆ ತಿಳಿಯುತ್ತದೆ? ಯಾವ ಕೋಶ, ಯಾವ ವಸ್ತು, ಎಷ್ಟು ಪ್ರಮಾಣ? ಸುಳ್ಳು ಚಿಕಿತ್ಸೆ ಕೊಟ್ಟ ಇನ್ನೊಂದು ಗುಂಪಿನ ಜೊತೆ ಹೋಲಿಸಿ ನೋಡಿದ್ದಾರೆಯೇ? ನೀಟ್ ಪರೀಕ್ಷೆಯಲ್ಲಿ ಇವಕ್ಕೆ ಅಂಕವಿಲ್ಲ. ಆದರೆ ಮುಂದೆ ವೈದ್ಯರಾಗುವವರಿಗೆ ಇವು ಬೇಕು; ರೋಗಿಗಳಾಗುವವರಿಗೆ, ಅಂದರೆ ನಮಗೆಲ್ಲರಿಗೂ, ಇನ್ನೂ ಹೆಚ್ಚು ಬೇಕು. ಹೆತ್ತವರು ಇಂಥ ಪ್ರಶ್ನೆ ಕೇಳುವ ಮಕ್ಕಳನ್ನು ಗದರಬಾರದು. ಈ ಪ್ರಶ್ನೆಗಳನ್ನು ಹೊಸ ಔಷಧಕ್ಕೂ ಕೇಳಬೇಕು, ಹಳೆಯದಕ್ಕೂ ಕೇಳಬೇಕು.

ಗೆಳೆಯರು ಏನು ಮಾಡಿದರೆಂದು ಹೇಳದಿದ್ದರೆ ಲೇಖನ ಮುಗಿಯದು. ಮರುದಿನ ಮೊಮ್ಮಗಳೇ ಅವರನ್ನು ಮೊದಲಿನ ವೈದ್ಯರ ಬಳಿ ಕರೆದುಕೊಂಡು ಹೋದಳು. ರಕ್ತಪರೀಕ್ಷೆಯಾಯಿತು. ಮಾತ್ರೆ ಮುಂದುವರಿಯಿತು. ಮೊಣಕಾಲಿನ ಸೂಜಿಯನ್ನು ವೈದ್ಯರು ಬೇಡವೆನ್ನಲಿಲ್ಲ; ಪ್ರತಿಸಲವೂ ಹೊಸ ಸೂಜಿ ಬಳಸಲಿ, ಕಾಲಿನಲ್ಲಿ ಗಾಯವಾಗದಂತೆ ನೋಡಿಕೊಳ್ಳಿ ಎಂದಷ್ಟೇ ಹೇಳಿ ಕಳಿಸಿದರು.

ಮುಂದಿನ ಸೋಮವಾರ ಮತ್ತೆ ಗುಡಿಯಲ್ಲಿ ಸಿಕ್ಕಿದರು. ಗೆಳೆಯರು ಮೂರ್ತಿಗೆ ಕೈಮುಗಿದು ಹೊರಬಂದು, ಜೇಬಿನಿಂದ ಮಾತ್ರೆಯ ಪಟ್ಟಿ ತೆಗೆದು ಮೊಮ್ಮಗಳಿಗೆ ತೋರಿಸಿದರು. ಎರಡು ಖಾಲಿಯಾಗಿದ್ದವು. ಅವಳು ಎಣಿಸಿ ನೋಡಿ, “ಸರಿಯಾಗೈತೆ ಅಜ್ಜ” ಎಂದಳು.